ಪರಮಾಣು ಮತ್ತು ಅಯಾನುಗಳ ಪರಿಮಾಣವಿಚಾರ: ವಿಜಯಪುರದ ಎರೆಭೂಮಿಯ ನಿದರ್ಶನ

೧. ಪೀಠಿಕೆ

ಪರಮಾಣುವೆಂಬ ಶಬ್ದವು ಕನ್ನಡಕ್ಕೆ ಹೊಸದಲ್ಲ. ನ್ಯಾಯವೈಶೇಷಿಕ ಶಾಸ್ತ್ರಗಳಲ್ಲಿ ಪೃಥಿವಿ, ಅಪ್ಪು, ತೇಜಸ್ಸು, ವಾಯು ಎಂಬ ನಾಲ್ಕು ದ್ರವ್ಯಗಳ ಕಟ್ಟಕಡೆಯ ಅವಯವಕ್ಕೆ ಈ ಹೆಸರು ಸಂದಿದೆ. ಆ ಶಾಸ್ತ್ರದ ಮತದಲ್ಲಿ ಪರಿಮಾಣವು ಇಪ್ಪತ್ತನಾಲ್ಕು ಗುಣಗಳಲ್ಲೊಂದು. ಅದು ದ್ರವ್ಯದಲ್ಲಿ ಸಮವಾಯದಿಂದ ನೆಲೆಸಿರತಕ್ಕುದು. ಪರಮಾಣುವಿನ ಪರಿಮಾಣಕ್ಕೆ ಪಾರಿಮಾಂಡಲ್ಯವೆಂದು ಸಂಜ್ಞೆ. ಅದು ನಿತ್ಯವಾದುದು, ಹೆಚ್ಚು ಕಡಿಮೆಯಿಲ್ಲದುದು. ಎರಡು ಪರಮಾಣುಗಳು ಸೇರಿ ದ್ವ್ಯಣುಕವೂ, ಮೂರು ದ್ವ್ಯಣುಕಗಳು ಸೇರಿ ತ್ರ್ಯಣುಕವೂ ಆಗುವುವು. ಗವಾಕ್ಷದಿಂದ ಬೀಳುವ ಬಿಸಿಲಕೋಲಿನಲ್ಲಿ ತೇಲುವ ಧೂಳಿಯ ಕಣವೇ ತ್ರ್ಯಣುಕವೆಂದು ಹೇಳುವುದುಂಟು.

ಇದೇ ಪ್ರಕರಣದಲ್ಲಿ ಪ್ರಶಸ್ತಪಾದರು ಇನ್ನೊಂದು ಸೂಕ್ಷ್ಮವನ್ನು ತಿಳಿಸಿರುವರು. ಬೋರೆಹಣ್ಣು, ನೆಲ್ಲಿಕಾಯಿ, ಬಿಲ್ವಫಲ ಇವು ಮೂರೂ ಮಹತ್ಪರಿಮಾಣವುಳ್ಳವೇ. ಆದರೂ ಬಿಲ್ವದ ಮುಂದೆ ನೆಲ್ಲಿಯನ್ನೂ, ನೆಲ್ಲಿಯ ಮುಂದೆ ಬೋರೆಯನ್ನೂ ಸಣ್ಣದೆನ್ನುತ್ತೇವೆ. ಈ ಸಣ್ಣತನವು ಮುಖ್ಯವಲ್ಲ, ಭಾಕ್ತ. ಎಂದರೆ ಇನ್ನೊಂದನ್ನು ಅಪೇಕ್ಷಿಸಿ ಆಡುವ ಮಾತು. ಹೀಗೆ ಪರಿಮಾಣದಲ್ಲಿ ಸ್ವಗತವಾದುದು, ಆಪೇಕ್ಷಿಕವಾದುದು ಎಂಬ ಎರಡು ಬಗೆಯನ್ನು ನಮ್ಮ ಪೂರ್ವಿಕರು ವಿಂಗಡಿಸಿದ್ದರು.

ಇಂದಿನ ರಸಾಯನಶಾಸ್ತ್ರವು ಪರಮಾಣುವೆಂಬ ಹಳೆಯ ಶಬ್ದವನ್ನೇ ಹೊಸ ಅರ್ಥದಲ್ಲಿ ಬಳಸಿಕೊಂಡಿದೆ. ಈ ಪರಮಾಣುವು ನಿರವಯವವಲ್ಲ. ಅದರ ನಡುವೆ ಧನವಿದ್ಯುತ್ತಿನ ಬೀಜಕೇಂದ್ರವೂ, ಸುತ್ತಲೂ ಋಣವಿದ್ಯುತ್ತಿನ ಎಲೆಕ್ಟ್ರಾನುಗಳೂ ಇವೆ. ಅದು ಎಲೆಕ್ಟ್ರಾನನ್ನು ಕಳೆದುಕೊಂಡರೆ ಅಥವಾ ಪಡೆದರೆ ಅಯಾನು ಎನಿಸುವುದು. ಶಬ್ದದೊಡನೆ ಹಳೆಯ ಭಾವನೆಯೂ ತಿಳಿಯದಂತೆ ಒಳಹೊಕ್ಕು, ಪ್ರತಿಯೊಂದು ಪರಮಾಣುವಿಗೂ ಹುಟ್ಟಿನೊಡನೆ ಬಂದ ಒಂದು ನಿಶ್ಚಿತ ಗಾತ್ರವಿದೆಯೆಂದು ವಿದ್ಯಾರ್ಥಿಗಳು ಬಗೆಯುವುದುಂಟು. ವಸ್ತುಸ್ಥಿತಿಯು ಹಾಗಿಲ್ಲ. ಆವರ್ತಕೋಷ್ಟಕದಲ್ಲಿ ಹೇಳುವ ಗಾತ್ರವು ನೆಲ್ಲಿ-ಬಿಲ್ವಗಳ ಸಣ್ಣತನ ದೊಡ್ಡತನದಂತೆ ಸಂಬಂಧವನ್ನು ಆಶ್ರಯಿಸಿದುದು. ಇದನ್ನು ಮರೆತವನಿಗೆ ಕೋಷ್ಟಕವು ಬಾಯಿಪಾಠವಾಗುವುದು. ನೆನೆದವನಿಗೆ ಕಾಲಕೆಳಗಿನ ಮಣ್ಣೂ ಅರ್ಥವಾಗುವುದು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆಯ ಇಕ್ಕೆಲದ ಎರೆಹೊಲಗಳೇ ಇದಕ್ಕೆ ನಿದರ್ಶನ. ಆ ಹೊಲಗಳನ್ನು ಹೊಗುವುದಕ್ಕೆ ಮುನ್ನ ಅಳತೆಯ ರೀತಿಯನ್ನೂ ಕೋಷ್ಟಕದ ಕ್ರಮವನ್ನೂ ತಿಳಿಯುವುದು ಅವಶ್ಯ.

೨. ಅಳತೆಯ ರೀತಿ

ಎಲೆಕ್ಟ್ರಾನುಗಳು ಬೀಜಕೇಂದ್ರದ ಸುತ್ತ ಮೋಡದಂತೆ ಹರಡಿರುವುವು. ಮೋಡಕ್ಕೆ ಅಂಚನ್ನು ಗೆರೆಯೆಳೆದು ತೋರಿಸಲಾಗದು, ಪರಮಾಣುವಿಗೂ ಹಾಗೆಯೇ. ಆದುದರಿಂದ ಅದರ ತ್ರಿಜ್ಯವನ್ನು ಪ್ರತ್ಯಕ್ಷವಾಗಿ ಅಳೆಯುವ ಉಪಾಯವಿಲ್ಲ. ಅಳೆಯಬಹುದಾದುದು ನೆರೆಯ ಎರಡು ಬೀಜಕೇಂದ್ರಗಳ ನಡುವಣ ದೂರ ಮಾತ್ರ. ಹರಳುಗಳು ಕ್ಷಕಿರಣಗಳನ್ನು ಚದರಿಸುವ ಬಗೆಯನ್ನು ೧೯೧೨ರಲ್ಲಿ ಲೌಎ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ಕಂಡುಹಿಡಿದರು. ಮರುವರ್ಷವೇ ಬ್ರಾಗ್ ತಂದೆಮಕ್ಕಳು ಅಡಿಗೆಯುಪ್ಪಿನ ಹರಳಿನ ಒಳರಚನೆಯನ್ನು ಆ ಮಾರ್ಗದಿಂದ ನಿರ್ಣಯಿಸಿದರು.

ಇಲ್ಲಿ ಬಳಸುವ ಮಾನಕ್ಕೆ ಪೈಕೊಮೀಟರೆಂದು ಹೆಸರು. ಅದು ಮೀಟರಿನ ಲಕ್ಷಕೋಟಿಯಲ್ಲೊಂದು ಪಾಲು. ಒಂದೇ ಜಾತಿಯ ಎರಡು ಪರಮಾಣುಗಳು ಕೂಡಿರುವಲ್ಲಿ ಲೆಕ್ಕವು ಸುಲಭ. ಕ್ಲೋರಿನ್ನಿನ ಅಣುವಿನಲ್ಲಿ ಎರಡು ಕೇಂದ್ರಗಳ ದೂರವು ೧೯೯. ಅರ್ಧವೆಂದರೆ ಸುಮಾರು ೯೯. ಸೋಡಿಯಂ ಲೋಹದಲ್ಲಿ ನೆರೆಯ ಕೇಂದ್ರಗಳ ದೂರವು ೩೭೨, ಅರ್ಧವೆಂದರೆ ೧೮೬. ಲವಣಗಳಲ್ಲಾದರೋ ಎರಡು ಬೇರೆ ಜಾತಿಗಳು ನೆರೆಯಾಗಿರುವುವು. ಸೋಡಿಯಂ ಕ್ಲೋರೈಡಿನಲ್ಲಿ ದೂರವು ೨೮೨ ಎಂದು ತಿಳಿದರೂ, ಅದರಲ್ಲಿ ಸೋಡಿಯಮ್ಮಿನ ಪಾಲೆಷ್ಟು, ಕ್ಲೋರಿನ್ನಿನ ಪಾಲೆಷ್ಟು ಎಂಬುದು ತಿಳಿಯದು. ಮೊತ್ತವು ಪ್ರತ್ಯಕ್ಷ, ಪಾಲು ಅನುಮಾನ.

ಅನುಮಾನಕ್ಕೆ ಹೇತುಗಳಿಲ್ಲದೆ ಇಲ್ಲ. ಸೋಡಿಯಂ ಫ್ಲೋರೈಡಿನಲ್ಲಿ ೨೩೧, ಪೊಟ್ಯಾಸಿಯಂ ಫ್ಲೋರೈಡಿನಲ್ಲಿ ೨೬೭, ಅಂತರ ೩೬. ಸೋಡಿಯಂ ಕ್ಲೋರೈಡಿನಲ್ಲಿ ೨೮೨, ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ೩೧೫, ಅಂತರ ೩೩. ಜೊತೆಗಾರನು ಬದಲಾದರೂ ಅಂತರವು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪ್ರತಿಯೊಂದು ಅಯಾನಿಗೂ ತಕ್ಕಮಟ್ಟಿಗೆ ಸ್ಥಿರವಾದ ಒಂದು ಪಾಲಿದೆಯೆಂದು ಊಹಿಸಬಹುದು. ಆ ಪಾಲನ್ನು ಬಿಡಿಸುವ ಯುಕ್ತಿಯನ್ನು ೧೯೨೦ರಲ್ಲಿ ಲಾಂಡೆ ಎಂಬವನು ತೋರಿಸಿದನು. ಲಿಥಿಯಂ ಅಯಾನು ಬಹು ಕಿರಿದು, ಅಯೊಡೈಡು ಬಹು ಹಿರಿದು. ಅವೆರಡರ ಲವಣದಲ್ಲಿ ಹಿರಿಯ ಅಯೊಡೈಡುಗಳು ಒಂದನ್ನೊಂದು ತಾಗಿಕೊಂಡೇ ಇರಬೇಕು. ಕಿರಿಯ ಲಿಥಿಯಮ್ಮು ಅವುಗಳ ಸಂದಿನಲ್ಲಿ ಅಡಗಿರಬೇಕು. ಹಾಗಿದ್ದರೆ ಎರಡು ಅಯೊಡೈಡುಗಳ ನಡುವಣ ದೂರದ ಅರ್ಧವೇ ಅದರ ತ್ರಿಜ್ಯ. ಒಂದರ ಪಾಲು ತಿಳಿದ ಬಳಿಕ ಉಳಿದವುಗಳ ಪಾಲುಗಳು ಕಳೆಯುವ ಲೆಕ್ಕದಿಂದ ದೊರೆಯುವುವು.

ಈ ದಾರಿಯಲ್ಲಿ ೧೯೨೬ರಲ್ಲಿ ಗೋಲ್ಡ್‌ಷ್ಮಿಟ್, ೧೯೨೭ರಲ್ಲಿ ಪೌಲಿಂಗ್, ೧೯೭೬ರಲ್ಲಿ ಷ್ಯಾನನ್ ಇವರು ಪಟ್ಟಿಗಳನ್ನು ಕೊಟ್ಟರು. ಸೋಡಿಯಂ ಅಯಾನಿನ ತ್ರಿಜ್ಯವು ಪೌಲಿಂಗನ ಪಟ್ಟಿಯಲ್ಲಿ ೯೫, ಷ್ಯಾನನನ ಪಟ್ಟಿಯಲ್ಲಿ ೧೦೨. ಇದನ್ನು ಕಂಡು ಒಂದು ಪುಸ್ತಕವು ಸರಿ, ಇನ್ನೊಂದು ತಪ್ಪು ಎಂದು ಬಗೆಯಬಾರದು. ಮೊತ್ತವನ್ನು ಹಂಚುವ ಕಟ್ಟಳೆಯು ಬೇರೆಯಾದುದರಿಂದ ಪಾಲೂ ಬೇರೆಯಾಗಿದೆ. ತಪ್ಪಾಗುವುದು ಒಂದು ಪಟ್ಟಿಯ ಸೋಡಿಯಮ್ಮನ್ನು ಇನ್ನೊಂದು ಪಟ್ಟಿಯ ಪೊಟ್ಯಾಸಿಯಮ್ಮಿನೊಡನೆ ಹೋಲಿಸಿದಾಗ. ಮುಂದೆ ಅಯಾನುಗಳಿಗೆ ಕೊಡುವ ಅಂಕಿಗಳೆಲ್ಲ ಷ್ಯಾನನನ ಪಟ್ಟಿಯವು, ಸುತ್ತಲೂ ಆರು ನೆರೆಗಳುಳ್ಳ ಸ್ಥಿತಿಗೆ ಸೇರಿದವು.

೩. ಅಡ್ಡಸಾಲು ಮತ್ತು ನಿಲುಸಾಲು

ಮೆಂಡೆಲೀವನು ೧೮೬೯ರಲ್ಲಿ ಆವರ್ತಕೋಷ್ಟಕವನ್ನು ಪ್ರಕಟಿಸಿದನು. ಮರುವರ್ಷ ಲೋಥರ್ ಮೈಯರನು ಪರಮಾಣುಗಳ ಘನಪರಿಮಾಣವು ಅಲೆಯಂತೆ ಏರಿಳಿಯುವುದನ್ನು ರೇಖಾಚಿತ್ರದಲ್ಲಿ ತೋರಿಸಿದನು. ಅಲೆಯ ಶಿಖರಗಳಲ್ಲಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಕ್ಷಾರಲೋಹಗಳಿದ್ದುವು.

ಅಡ್ಡಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗಿದಂತೆ ಪರಮಾಣುವು ಕುಗ್ಗುವುದು. ಒಂದೊಂದು ಹೆಜ್ಜೆಗೂ ಬೀಜಕೇಂದ್ರದಲ್ಲಿ ಒಂದು ಧನಾವೇಶವೂ ಹೊರಗೆ ಒಂದು ಎಲೆಕ್ಟ್ರಾನೂ ಹೆಚ್ಚುವುವು. ಹೆಚ್ಚಿದ ಎಲೆಕ್ಟ್ರಾನು ಅದೇ ಕವಚದಲ್ಲಿ ನಿಲ್ಲುವುದರಿಂದ ತನ್ನ ಸಂಗಾತಿಗಳಿಗೆ ಕೇಂದ್ರದ ಸೆಳೆತವನ್ನು ಪೂರ್ತಿಯಾಗಿ ಮರೆಮಾಡಲಾರದು, ಸೆಳೆತವೇ ಮೇಲುಗೈಯಾಗುವುದು. ಸೋಡಿಯಂ ೧೮೬, ಮೆಗ್ನೀಸಿಯಂ ೧೬೦, ಅಲ್ಯೂಮಿನಿಯಂ ೧೪೩; ಅನಂತರ ಸಿಲಿಕಾನ್ ೧೧೮, ರಂಜಕ ೧೧೦, ಗಂಧಕ ೧೦೩, ಕ್ಲೋರಿನ್ ೯೯. ಮೊದಲಿನ ಮೂರು ಲೋಹದ ಲೆಕ್ಕದವು, ಕಡೆಯ ನಾಲ್ಕು ಬಂಧದ ಲೆಕ್ಕದವು ಎಂಬುದನ್ನು ಅಧ್ಯಾಪಕರು ಗಮನಿಸಬೇಕು. ಎರಡು ಗುಂಪಿನ ಒಳಗೂ ಇಳಿಕೆಯುಂಟು. ಅಲ್ಯೂಮಿನಿಯಮ್ಮಿನಿಂದ ಸಿಲಿಕಾನಿಗೆ ತೋರುವ ದೊಡ್ಡ ಇಳಿತದಲ್ಲಿ ಮಾತ್ರ ಒಂದಂಶವು ಅಳತೆಗೋಲು ಬದಲಾದುದರ ಫಲ.

ನಿಲುಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಂತೆ ಹೊಸ ಕವಚಗಳು ಸೇರುವುದರಿಂದ ಪರಮಾಣುವು ಹಿಗ್ಗುವುದು. ಲಿಥಿಯಂ ೧೫೨, ಸೋಡಿಯಂ ೧೮೬, ಪೊಟ್ಯಾಸಿಯಂ ೨೨೭, ರುಬಿಡಿಯಂ ೨೪೮, ಸೀಸಿಯಂ ೨೬೫. ಹಿಗ್ಗುವಿಕೆಯು ಸಮನಾಗಿಲ್ಲ: ಸೋಡಿಯಮ್ಮಿನಿಂದ ಪೊಟ್ಯಾಸಿಯಮ್ಮಿಗೆ ೪೧, ಅಲ್ಲಿಂದ ರುಬಿಡಿಯಮ್ಮಿಗೆ ೨೧ ಮಾತ್ರ. ನಡುವೆ ಹತ್ತು ಸಂಕ್ರಮಣ ಲೋಹಗಳು ಬಂದು ಕೇಂದ್ರದ ಆವೇಶವನ್ನು ಬೆಳೆಸಿರುವುವು; ಅವು ತುಂಬಿದ ಒಳ ಎಲೆಕ್ಟ್ರಾನುಗಳಾದರೋ ಮರೆಮಾಡುವುದರಲ್ಲಿ ದುರ್ಬಲವಾದವು. ಲ್ಯಾಂಥನಮ್ಮಿನ ಬಳಿಕ ಬರುವ ವಿರಳಲೋಹಗಳಲ್ಲಿ ಇದು ಇನ್ನೂ ಸ್ಪಷ್ಟ. ಮೂರು ಆವೇಶವುಳ್ಳ ಲ್ಯಾಂಥನಂ ಅಯಾನು ೧೦೩, ಸಾಲಿನ ಕೊನೆಯ ಲುಟೀಸಿಯಂ ೮೬. ಈ ಸಂಕೋಚದ ಫಲವಾಗಿ ಜರ್ಕೋನಿಯಂ ಅಯಾನು ೭೨ ಆಗಿದ್ದರೆ, ಅದರ ಕೆಳಗಿನ ಹಾಫ್ನಿಯಂ ಹಿಗ್ಗದೆ ೭೧ ಆಗಿದೆ. ಗಾತ್ರವೂ ಆವೇಶವೂ ಒಂದೇ ಆದುದರಿಂದ ಹಾಫ್ನಿಯಮ್ಮು ಜರ್ಕೋನಿಯಮ್ಮಿನ ಖನಿಜಗಳಲ್ಲಿ ಬಹುಕಾಲ ಅಡಗಿದ್ದು, ೧೯೨೩ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕಾಸ್ಟರ್, ಹೆವೆಶಿ ಎಂಬವರ ಕೈಗೆ ಸಿಕ್ಕಿತು.

೪. ಅಯಾನುಗಳು

ಎಲೆಕ್ಟ್ರಾನನ್ನು ಕಳೆದುಕೊಂಡ ಧನಾಯಾನು ತನ್ನ ಪರಮಾಣುವಿಗಿಂತ ಕಿರಿದು. ಪಡೆದುಕೊಂಡ ಋಣಾಯಾನು ಹಿರಿದು. ಸೋಡಿಯಂ ಪರಮಾಣು ೧೮೬, ಅಯಾನು ೧೦೨. ಹೊರಗಿನ ಏಕಮಾತ್ರ ಎಲೆಕ್ಟ್ರಾನು ಹೋದೊಡನೆ ಇಡಿಯ ಕವಚವೇ ಹೋಯಿತು. ಕ್ಲೋರಿನ್ ಪರಮಾಣು ೯೯, ಅಯಾನು ೧೮೧. ಹೊಸದಾಗಿ ಬಂದ ಎಲೆಕ್ಟ್ರಾನಿನಿಂದ ಪರಸ್ಪರ ವಿಕರ್ಷಣೆಯು ಹೆಚ್ಚಿ ಮೋಡವು ಹರಡಿತು. ಇವೆರಡು ಅಂಕಿಗಳ ಅಂತರದಲ್ಲಿಯೂ ಅಳತೆಗೋಲಿನ ಭೇದದ ಪಾಲುಂಟು.

ಈ ವಿಷಯವು ಸಮಾನ ಎಲೆಕ್ಟ್ರಾನುಗಳುಳ್ಳ ಅಯಾನುಗಳ ಪಂಕ್ತಿಯಲ್ಲಿ ಅತಿ ಸ್ಫುಟವಾಗುವುದು. ಆಕ್ಸೈಡು, ಫ್ಲೋರೈಡು, ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ ಇವುಗಳ ಅಯಾನುಗಳಲ್ಲಿ ತಲಾ ಹತ್ತು ಎಲೆಕ್ಟ್ರಾನುಗಳು. ಕೇಂದ್ರದ ಆವೇಶವು ಅನುಕ್ರಮವಾಗಿ ೮, ೯, ೧೧, ೧೨, ೧೩. ತ್ರಿಜ್ಯವು ೧೪೦, ೧೩೩, ೧೦೨, ೭೨, ೫೩.೫. ಎಲೆಕ್ಟ್ರಾನುಗಳ ಸಂಖ್ಯೆಯು ಒಂದೇ ಇದ್ದರೂ ಗಾತ್ರವು ಬೇರೆಯಾದುದಕ್ಕೆ ಸೆಳೆತವೊಂದೇ ಕಾರಣ. ಗಾತ್ರವೆಂಬುದು ತುಂಬಿದ ವಸ್ತುವಿನ ಪ್ರಮಾಣವಲ್ಲ, ಸೆಳೆಯುವುದಕ್ಕೂ ಸೆಳೆತಕ್ಕೊಳಗಾದುದಕ್ಕೂ ಇರುವ ಸಂಬಂಧದ ಫಲವೆಂದು ಇದರಿಂದ ಸಿದ್ಧವಾಯಿತು.

೫. ಎರೆಮಣ್ಣಿನ ಪದರಗಳು

ವಿಜಯಪುರ ಮತ್ತು ಸೊಲ್ಲಾಪುರಗಳ ನಡುವೆ ಸುಮಾರು ನೂರು ಕಿಲೋಮೀಟರು ದಾರಿ. ನಗರದ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ. ಈ ಪ್ರದೇಶದ ಅಡಿಗಲ್ಲು ದಖನ್ನಿನ ಲಾವಾಶಿಲೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದುದು. ಆ ಕಲ್ಲು ಶಿಥಿಲವಾಗಿ ಎರೆಮಣ್ಣಾಯಿತು. ಡೋಣಿ ನದಿಯ ಬಯಲು ಬೆಳೆದರೆ ಓಣಿಯೆಲ್ಲ ಕಾಳಾಗುವುದೆಂಬ ಅರ್ಥದ ನಾಣ್ನುಡಿ ಈ ಜಿಲ್ಲೆಯಲ್ಲಿ ಪ್ರಸಿದ್ಧವಾಗಿದೆ. ಅದೇ ನದಿಯ ನೀರು ಉಪ್ಪೆಂಬುದೂ ಅಷ್ಟೇ ಪ್ರಸಿದ್ಧ. ೧೯೩೦ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಭಾರತದಲ್ಲಿ ಆಯ್ದ ಐದು ಠಾವುಗಳಲ್ಲಿ ಈ ರಸ್ತೆಯ ಎರಡು ತುದಿಗಳಾದ ಸೊಲ್ಲಾಪುರವೂ ವಿಜಾಪುರವೂ ಸೇರಿದ್ದುವು. ಉಳಿದವು ರಾಯಚೂರು, ಹಗರಿ, ರೋಹಟಕ.

ಎರೆಮಣ್ಣಿನ ಜೇಡಿಯು ತಾಳೆಗರಿಯ ಕಟ್ಟಿನಂತೆ ಪದರಪದರವಾಗಿದೆ. ಪ್ರತಿಯೊಂದು ಪದರದಲ್ಲಿಯೂ ಆಕ್ಸೈಡು ಅಯಾನುಗಳೇ ಗೋಡೆ. ಅವುಗಳ ಸಂದುಗಳಲ್ಲಿ ಕಿರಿಯ ಧನಾಯಾನುಗಳ ವಾಸ. ನಾಲ್ಕು ಆಕ್ಸೈಡುಗಳ ನಡುವಣ ಸಂದು ಇಕ್ಕಟ್ಟು. ಅಲ್ಲಿ ಸಿಲಿಕಾನು ಕೂಡುವುದು. ಆರು ಆಕ್ಸೈಡುಗಳ ನಡುವಣ ಸಂದು ವಿಶಾಲ. ಅಲ್ಲಿ ಅಲ್ಯೂಮಿನಿಯಮ್ಮು ಕೂಡುವುದು. ಕೆಲವೆಡೆ ಮೂರು ಆವೇಶದ ಅಲ್ಯೂಮಿನಿಯಮ್ಮಿನ ಮನೆಯಲ್ಲಿ ಎರಡೇ ಆವೇಶದ ಮೆಗ್ನೀಸಿಯಮ್ಮು ಸೇರಿಕೊಳ್ಳುವುದು. ತುಸು ದೊಡ್ಡದಾದರೂ ಅದು ಆ ಮನೆಯಲ್ಲಿ ಹಿಡಿಸುತ್ತದೆ. ಗಾತ್ರವು ಒಪ್ಪಿತು, ಆವೇಶವು ಕಡಮೆಯಾಯಿತು. ಇದರಿಂದ ಪದರಕ್ಕೆ ಋಣಾವೇಶವುಳಿಯುವುದು. ಆ ಸಾಲವನ್ನು ತೀರಿಸಲು ಪದರಗಳ ನಡುವೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಬಂದು ನಿಲ್ಲುವುವು. ನೀರೂ ಅವುಗಳೊಡನೆ ಒಳಬರುವುದು. ಮಳೆಯಲ್ಲಿ ಎರೆ ಉಬ್ಬುವುದಕ್ಕೂ, ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕುಬಿಡುವುದಕ್ಕೂ ಇದೇ ಕಾರಣ.

ಈಗ ಎರಡು ಅಯಾನುಗಳನ್ನು ಹೋಲಿಸಬೇಕು. ಸೋಡಿಯಂ ೧೦೨, ಕ್ಯಾಲ್ಸಿಯಂ ೧೦೦. ಗಾತ್ರದಲ್ಲಿ ಅವಳಿಗಳೆಂದರೂ ಸಲ್ಲುವುದು. ಹೊಲದಲ್ಲಿ ಇವು ಮಾಡುವ ಕೆಲಸವಾದರೋ ಪರಸ್ಪರ ವಿರುದ್ಧ. ಕ್ಯಾಲ್ಸಿಯಮ್ಮು ಎರಡು ಆವೇಶಗಳಿಂದ ಪದರಗಳನ್ನು ಬಿಗಿಹಿಡಿಯುವುದು; ಕಣಗಳು ಗುಂಪುಗೂಡಿ ಮಣ್ಣು ಹರಳುಹರಳಾಗಿ ನಿಲ್ಲುವುದು; ನೀರು ಇಂಗುವುದು, ಬೇರು ಉಸಿರಾಡುವುದು. ಒಂದೇ ಆವೇಶದ ಸೋಡಿಯಮ್ಮು ಹಾಗೆ ಹಿಡಿಯಲಾರದು, ಪದರಗಳು ಬಿಡಿಬಿಡಿಯಾಗಿ ನೀರಿನಲ್ಲಿ ಚದರುವುವು, ಸೂಕ್ಷ್ಮರಂಧ್ರಗಳು ಮುಚ್ಚಿಹೋಗುವುವು. ಅಂಥ ನೆಲವು ತೊಯ್ದರೆ ರಾಡಿ, ಒಣಗಿದರೆ ಕಲ್ಲು. ರೈತರು ಸವುಳು-ಜವುಳೆಂದು ಹೇಳುವ ಕೆಡುಕಿನಲ್ಲಿ ಇದೂ ಒಂದು ಬಗೆ. ಪರಿಹಾರವೂ ಇದೇ ಹೋಲಿಕೆಯಿಂದ ಹೊರಡುವುದು: ಕ್ಯಾಲ್ಸಿಯಂ ಸಲ್ಫೇಟಾದ ಜಿಪ್ಸಮ್ಮನ್ನು ಹೊಲಕ್ಕೆ ಹಾಕಿದರೆ ಕ್ಯಾಲ್ಸಿಯಮ್ಮು ಸೋಡಿಯಮ್ಮನ್ನು ಹೊರದೂಡಿ ಅದರ ಸ್ಥಾನದಲ್ಲಿ ನಿಲ್ಲುವುದು. ಹೊರಬಿದ್ದ ಸೋಡಿಯಮ್ಮು ಬಸಿಗಾಲುವೆಯಿಂದ ಹರಿದುಹೋಗಬೇಕು; ಬಸಿಯದ ನೆಲದಲ್ಲಿ ಜಿಪ್ಸಮ್ಮಿನ ಖರ್ಚು ವ್ಯರ್ಥ. ತುಬಚಿ-ಬಬಲೇಶ್ವರ ಏತನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆಯ ಎರೆಭೂಮಿಗೆ ಬಂದಿರುವಾಗ, ಬಸಿಗಾಲುವೆಯ ಮಾತು ಕಾಲುವೆಯ ಮಾತಿಗಿಂತ ಕಿರಿದಲ್ಲ.

೬. ನೀರಿನ ಹೊದಿಕೆ

ಆವೇಶದ ಜೊತೆಗೆ ನೀರನ್ನೂ ಗಣಿಸಬೇಕು. ನೀರಿನಲ್ಲಿ ಅಯಾನು ಬರಿಮೈಯಲ್ಲಿರುವುದಿಲ್ಲ. ನೀರಿನ ಅಣುಗಳನ್ನು ಹೊದ್ದಿರುವುದು. ಬರಿಮೈಯಲ್ಲಿ ಲಿಥಿಯಂ ೭೬, ಸೋಡಿಯಂ ೧೦೨, ಪೊಟ್ಯಾಸಿಯಂ ೧೩೮. ಹೊದಿಕೆಯೊಡನೆ ಅಳೆದರೆ, ೧೯೫೯ರಲ್ಲಿ ನೈಟಿಂಗೇಲ್ ಎಂಬವನು ಕೊಟ್ಟ ಲೆಕ್ಕದಂತೆ, ಲಿಥಿಯಂ ೩೮೨, ಸೋಡಿಯಂ ೩೫೮, ಪೊಟ್ಯಾಸಿಯಂ ೩೩೧. ಅನುಕ್ರಮವು ತಲೆಕೆಳಗಾಯಿತು. ಕಿರಿಯ ಅಯಾನಿನ ಆವೇಶವು ಸಣ್ಣ ಮೈಯಲ್ಲಿ ಸಾಂದ್ರವಾಗಿರುವುದರಿಂದ ಅದು ನೀರನ್ನು ಹೆಚ್ಚು ಬಿಗಿಯಾಗಿ ಹಿಡಿಯುವುದು. ಹಿರಿಯ ಪೊಟ್ಯಾಸಿಯಮ್ಮು ಹೊದಿಕೆಯನ್ನು ಸುಲಭವಾಗಿ ಕಳಚಬಲ್ಲುದು. ಜೇಡಿಪದರದ ಮೈಮೇಲೆ ಆರು ಆಕ್ಸೈಡುಗಳ ಬಳೆಯೊಳಗೆ ಒಂದು ಕುಳಿಯುಂಟು. ನೀರನ್ನು ಕಳಚಿದ ಪೊಟ್ಯಾಸಿಯಮ್ಮು ಅದರಲ್ಲಿ ಅಚ್ಚಿನಲ್ಲಿ ಎರೆದಂತೆ ಕೂಡುವುದು. ಹಾಕಿದ ಪೊಟ್ಯಾಷ್ ಗೊಬ್ಬರದ ಒಂದಂಶವು ಕೆಲವು ಜೇಡಿಗಳಲ್ಲಿ ಹೀಗೆ ಸೆರೆಯಾಗುವುದುಂಟು.

ತಿಕೋಟಾ ಕಡೆಯ ದ್ರಾಕ್ಷಿಯ ತೋಟಗಳಲ್ಲಿ ಇದೇ ನ್ಯಾಯವು ಇನ್ನೊಂದು ರೂಪದಿಂದ ತೋರುವುದು. ದ್ರಾಕ್ಷಿಯ ರಸದಲ್ಲಿ ಟಾರ್ಟರಿಕ್ ಆಮ್ಲದೊಡನೆ ಕೂಡಿರುವುದು ಮುಖ್ಯವಾಗಿ ಪೊಟ್ಯಾಸಿಯಮ್ಮು. ಕೊಳವೆಬಾವಿಯ ಉಪ್ಪುನೀರಿನಲ್ಲಿ ಸೋಡಿಯಮ್ಮು ಎಷ್ಟೇ ಇದ್ದರೂ ಬಳ್ಳಿಯು ಪೊಟ್ಯಾಸಿಯಮ್ಮನ್ನು ಆರಿಸಿಕೊಳ್ಳಬೇಕು. ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಮ್ಮಿಗೆಂದೇ ದ್ವಾರಗಳಿವೆ. ಅದಕ್ಕಿಂತ ಕಿರಿದಾದ ಸೋಡಿಯಮ್ಮು ಅವುಗಳಲ್ಲಿ ಇನ್ನೂ ಸುಲಭವಾಗಿ ನುಸುಳಬೇಕಲ್ಲವೆ? ನುಸುಳದು. ದ್ವಾರದ ಒಳಗೋಡೆಯಲ್ಲಿ ಆಕ್ಸಿಜನ್ ಪರಮಾಣುಗಳು ಪೊಟ್ಯಾಸಿಯಮ್ಮಿನ ಸುತ್ತ ನೀರು ನಿಂತಿದ್ದ ದೂರದಲ್ಲಿಯೇ ನಿಂತಿವೆ. ಪೊಟ್ಯಾಸಿಯಮ್ಮು ಹೊದಿಕೆಯನ್ನು ಕಳಚಿದರೂ ಅದೇ ಆದರವನ್ನು ಪಡೆಯುವುದು. ಸೋಡಿಯಮ್ಮಿಗೆ ಆ ಗೋಡೆಯು ಎಟುಕದು. ನೀರನ್ನು ಬಿಟ್ಟರೆ ಅದಕ್ಕೆ ನಷ್ಟವೇ ಆಗುವುದರಿಂದ ಹೊರಗೇ ನಿಲ್ಲುವುದು. ಈ ದ್ವಾರದ ರಚನೆಯನ್ನು ೧೯೯೮ರಲ್ಲಿ ಮೆಕಿನ್ನನ್ ಎಂಬ ವಿದ್ವಾಂಸನು ಒಂದು ಸೂಕ್ಷ್ಮಜೀವಿಯಲ್ಲಿ ಕಂಡುಹಿಡಿದು, ೨೦೦೩ರ ನೊಬೆಲ್ ಪಾರಿತೋಷಕದಲ್ಲಿ ಪಾಲುಗೊಂಡನು. ಸಸ್ಯಗಳ ಬೇರಿನಲ್ಲಿಯೂ ಇದೇ ಕುಲದ ದ್ವಾರಗಳಿವೆ. ಆದರೂ ಬೇರಿನಲ್ಲಿ ಈ ಕಾವಲಿಲ್ಲದ ಬೇರೆ ದಾರಿಗಳೂ ಇರುವುದರಿಂದ, ನೀರಿನಲ್ಲಿ ಸೋಡಿಯಮ್ಮು ಮಿತಿಮೀರಿದರೆ ಬಳ್ಳಿಯು ಕೆಡದಿರದು.

೭. ಫ್ಲೋರೈಡಿನ ಪ್ರವೇಶ

ಗಾತ್ರವೂ ಆವೇಶವೂ ಎರಡೂ ಒಂದೇ ಆದರೆ ಏನಾಗುವುದೆಂಬುದಕ್ಕೆ ಮನುಷ್ಯನ ಹಲ್ಲೇ ಸಾಕ್ಷಿ. ಹಲ್ಲು ಮತ್ತು ಎಲುಬುಗಳ ಖನಿಜದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳೊಡನೆ ಹೈಡ್ರಾಕ್ಸೈಡು ಇದೆ. ಹೈಡ್ರಾಕ್ಸೈಡಿನ ತ್ರಿಜ್ಯ ೧೩೭, ಫ್ಲೋರೈಡಿನದು ೧೩೩. ಎರಡಕ್ಕೂ ಒಂದೇ ಋಣಾವೇಶ. ಆದುದರಿಂದ ಕುಡಿಯುವ ನೀರಿನೊಡನೆ ಬಂದ ಫ್ಲೋರೈಡು ಹೈಡ್ರಾಕ್ಸೈಡಿನ ಪೀಠದಲ್ಲಿ ಕುಳಿತುಕೊಳ್ಳುವುದು. ಜರ್ಕೋನಿಯಮ್ಮಿನಲ್ಲಿ ಹಾಫ್ನಿಯಮ್ಮು ಅಡಗಿದಂತೆಯೇ ಇದು. ಕ್ಲೋರೈಡು ೧೮೧ ಆದುದರಿಂದ ಅದಕ್ಕೆ ಈ ಪ್ರವೇಶವು ಅಷ್ಟು ಸುಲಭವಲ್ಲ. ಅಲ್ಪವಾದ ಫ್ಲೋರೈಡು ಹಲ್ಲಿಗೆ ದಾರ್ಢ್ಯವನ್ನು ಕೊಡುವುದು, ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಲೆಗಳೂ, ಮುಂದೆ ಎಲುಬಿನಲ್ಲಿ ಬಿಗುವೂ ತೋರತೊಡಗುವುವು. ಅಂತರ್ಜಲದಲ್ಲಿ ಈ ಮಿತಿ ಮೀರಿರುವ ಸ್ಥಳಗಳುಳ್ಳ ಕರ್ಣಾಟಕದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಪರಿಮಾಣವನ್ನು ಹೋಲಿಸುವಲ್ಲಿ ನಾಲ್ಕು ನಿಯಮಗಳು ಸಿದ್ಧವಾಗುವುವು. ಹೋಲಿಸುವ ಅಂಕಿಗಳು ಒಂದೇ ಅಳತೆಗೋಲಿನವಾಗಿರಬೇಕು. ಲೋಹದ ಲೆಕ್ಕವನ್ನು ಬಂಧದ ಲೆಕ್ಕದೊಡನೆ, ಒಬ್ಬನ ಪಟ್ಟಿಯನ್ನು ಇನ್ನೊಬ್ಬನ ಪಟ್ಟಿಯೊಡನೆ ಬೆರಸಬಾರದು. ನೆರೆಗಳ ಸಂಖ್ಯೆಯು ಸಮವಾಗಿರಬೇಕು. ಗಾತ್ರವನ್ನು ಆವೇಶದೊಡನೆಯೇ ಓದಬೇಕು. ಇಲ್ಲದಿದ್ದರೆ ಸೋಡಿಯಂ ಮತ್ತು ಕ್ಯಾಲ್ಸಿಯಮ್ಮುಗಳ ಭೇದವು ತಿಳಿಯದು. ಬರಿಮೈಯೋ ಹೊದಿಕೆಯೊಡನೆಯೋ ಎಂಬುದನ್ನು ಮೊದಲೇ ಹೇಳಬೇಕು.

ಬೆಳ್ಳಾವೆ ವೆಂಕಟನಾರಾಯಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಶಾಸ್ತ್ರವಿಷಯಗಳಿಗೆ ಕನ್ನಡವು ಸಂಸ್ಕೃತದ ಶಬ್ದಗಳನ್ನು ಧಾರಾಳವಾಗಿ ಎರವಲು ತಂದಿದೆ. ಎರವಲು ತಂದುದು ತಪ್ಪಲ್ಲ. ತಂದ ಪಾತ್ರೆಯಲ್ಲಿ ಮೊದಲು ಏನಿತ್ತೆಂಬುದನ್ನು ಮರೆಯುವುದು ತಪ್ಪು. ಪರಮಾಣುವೆಂಬ ಪಾತ್ರೆಯಲ್ಲಿ ನಿತ್ಯವೂ ಸಮಾನವೂ ಆದ ಪಾರಿಮಾಂಡಲ್ಯವಿತ್ತು. ಇಂದಿನ ಪರಮಾಣುವಿಗೆ ಒಪ್ಪುವುದು ಆ ಪಾರಿಮಾಂಡಲ್ಯವಲ್ಲ, ಅದೇ ಪ್ರಕರಣದ ಪಕ್ಕದಲ್ಲಿರುವ ನೆಲ್ಲಿ-ಬಿಲ್ವಗಳ ದೃಷ್ಟಾಂತ. ಶಾಲೆಯ ಗೋಡೆಯ ಮೇಲಿನ ಆವರ್ತಕೋಷ್ಟಕದಲ್ಲಿ ೧೦೨ ಮತ್ತು ೧೦೦ ಎಂಬ ಅಂಕಿಗಳನ್ನು ಓದುವ ವಿದ್ಯಾರ್ಥಿಗೆ, ಹೊರಗಿನ ಹೊಲವು ರಾಡಿಯಾಗುವುದೂ ಹದಗೊಳ್ಳುವುದೂ ಅವೆರಡರ ನಡುವಣ ವ್ಯವಹಾರವೆಂದು ತೋರಿಸಿಕೊಟ್ಟರೆ, ಶಬ್ದವೂ ಅರ್ಥವೂ ಅವನಲ್ಲಿ ಒಟ್ಟಿಗೆ ನೆಲೆಗೊಳ್ಳುವುವು.